ಇವರು ನಿಮಗೆ ಏನಾಗಬೇಕು?

ನಮ್ಮ ಮನೆಯ ಬೀರುವಿನಲ್ಲಿ ಈಗ ಒಂದು ನೀಲಿ ಫೈಲಿದೆ. ಅದಕ್ಕೆ ನಾವು ಕೊಟ್ಟಿದ್ದು 36,500 ರೂಪಾಯಿ. ಹಿಡಿದಿದ್ದು ಒಂಬತ್ತು ವಾರ. ಮಿಕ್ಸಿ ಕೊಂಡರೂ ನಾಲ್ಕು ಸಾಲು ವಿಮರ್ಶೆ ಬರೆಯುವ ಚಟ ನನಗೆ. ಇಷ್ಟು ದುಡ್ಡು ಕೊಟ್ಟ ಮೇಲೆ ಇದಕ್ಕೆ ಬರೆಯದೆ ಬಿಡೋದು ಹೇಗೆ?

ಫೈಲಿನಲ್ಲಿರುವುದು ಬರೀ ಕಾಗದ. ಎರಡು ವಿಲ್, ಎರಡು ಜಿಪಿಎ (ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹಾರ ಮಾಡಲು ಬರೆದುಕೊಡುವ ಮುಖ್ತಾರ್ ಪತ್ರ), ಆಸ್ಪತ್ರೆಗೆ ಸಂಬಂಧಪಟ್ಟ ನಾಲ್ಕು ಪತ್ರ, ಬ್ಯಾಂಕಿನ ಜಂಟಿ ಖಾತೆಯ ಪ್ರತಿ, ನಾಮಿನಿ ಬದಲಾಯಿಸಿದ್ದಕ್ಕೆ ರಸೀದಿಗಳು. ಮಾಡಿಕೊಟ್ಟವರು ಬೆಂಗಳೂರಿನ ದಕ್ಷಿಣ ಭಾಗದ ಒಬ್ಬ ವಕೀಲೆ. ಹೆಸರು ಹಾಕಲ್ಲ. ವಕೀಲರು ಜಾಹೀರಾತು ಕೊಡಬಾರದು ಅಂತ ಬಾರ್ ಕೌನ್ಸಿಲ್ ನಿಯಮವಿದೆಯಂತೆ, ಹಾಗಾಗಿ ಅವರೇ ಬೇಡ ಅಂದರು. ಮೇಡಂ ಅಂತಲೇ ಕರೆಯುತ್ತೇನೆ.

ಹೋಗಿದ್ದು ಯಾಕೆ ಅಂತ ಮೊದಲು ಹೇಳಬೇಕು.

ಹೋದ ವರ್ಷ ಜುಲೈನಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ನಮ್ಮನೆಯವರಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಮಾಡಿಕೊಟ್ಟೆ. ಒಂದು ಗಂಟೆಗೆ ಬೆವರು ಸುರಿಯೋಕೆ ಶುರು. ಆಟೋ ಹಿಡಿದು ಹತ್ತಿರದ ಆಸ್ಪತ್ರೆಗೆ ಓಡಿದೆವು. ಪಿತ್ತಕೋಶದಲ್ಲಿ ಕಲ್ಲು, ಸೋಂಕಾಗಿದೆ, ಬೆಳಿಗ್ಗೆಯೇ ಆಪರೇಷನ್ ಮಾಡಬೇಕು ಅಂದರು. ಕೌಂಟರಿನ ಹುಡುಗಿ ಒಂದು ಫಾರಂ ಮುಂದಿಟ್ಟು ಕೇಳಿದಳು: 'ಇವರು ನಿಮಗೆ ಏನಾಗಬೇಕು?'

'ನಮ್ಮನೆಯವರು' ಅಂದೆ. ಬಾಯಿಗೆ ಬಂದಿದ್ದೇ ಅದು.

ಕನ್ನಡದಲ್ಲಿ ಇದೊಂದು ಅನುಕೂಲ ಇದೆ ನೋಡಿ. ನಮ್ಮಮ್ಮ ಅಪ್ಪನ ಹೆಸರು ಹೇಳುತ್ತಿರಲಿಲ್ಲ, 'ನಮ್ಮನೆಯವರು' ಅನ್ನುತ್ತಿದ್ದರು. ಅದರಲ್ಲಿ ಗಂಡು ಹೆಣ್ಣು ಇಲ್ಲ, ಬಹುವಚನದ ಮರ್ಯಾದೆ ಬೇರೆ. ಹಾಲಿನವನ ಹತ್ತಿರ, ಗ್ಯಾಸ್ ಏಜೆನ್ಸಿಯವರ ಹತ್ತಿರ, ಆಫೀಸಿನಲ್ಲಿ, 2012ರಿಂದ ನಾನು ಇದೇ ಮಾತು ಆಡಿಕೊಂಡು ಬಂದಿದ್ದೇನೆ. ನಮ್ಮನೆಯವರು ಊರಿಗೆ ಹೋಗಿದ್ದಾರೆ. ನಮ್ಮನೆಯವರಿಗೆ ಬದನೆಕಾಯಿ ಆಗಲ್ಲ. ಒಬ್ಬರೂ ತಿರುಗಿ ಕೇಳಿಲ್ಲ. ಸುಳ್ಳು ಹೇಳಿದ ಹಾಗೂ ಅಲ್ಲ.

ಆದರೆ ಕೌಂಟರಿನ ಹುಡುಗಿಯ ಮುಂದೆ ನಮ್ಮನೆಯವರ ಆಧಾರ್ ಕಾರ್ಡ್ ಇತ್ತು. ಅದರಲ್ಲಿ 'ಸ್ತ್ರೀ' ಅಂತ ಇತ್ತು. ಅವಳು ಕಾರ್ಡ್ ನೋಡಿದಳು, ನನ್ನ ಮುಖ ನೋಡಿದಳು. 'ಅಕ್ಕನಾ?' ಅಂದಳು. ಪಾಪ, ಅವಳದೇನೂ ತಪ್ಪಿಲ್ಲ. ಹೌದು ಅಂದೆ. ಅಕ್ಕ ಅಂತ ಬರೆದು ಸಹಿ ಹಾಕಿದೆ. ನಾಲ್ಕು ಗಂಟೆಗೆ ಇನ್ನೊಬ್ಬರು ಬಂದು 'ಅಕ್ಕ ಅಂತೀರ, ಇಬ್ಬರ ತಂದೆ ಹೆಸರೂ ಬೇರೆ ಇದೆಯಲ್ಲ' ಅಂದರು. ದೊಡ್ಡಪ್ಪನ ಮಗಳು ಅಂದೆ. ಹಾಗಾದರೆ ಸ್ವಂತದವರು ಯಾರಾದರೂ ಬರಲಿ ಅಂದರು. ಹಾಸನದ ಕಡೆಯಿಂದ ಅವರ ತಮ್ಮ ಕಾರು ಮಾಡಿಕೊಂಡು ಬರುವಷ್ಟರಲ್ಲಿ ಎಂಟೂವರೆ. ಅವನು ನನ್ನ ಮುಖ ನೋಡದೆ ಸಹಿ ಹಾಕಿದ. ಆಪರೇಷನ್ ಚೆನ್ನಾಗಿ ಆಯಿತು. ಆದರೆ ಆ ನಾಲ್ಕೂವರೆ ಗಂಟೆ ನನ್ನ ಹೊಟ್ಟೆಯಲ್ಲೇ ಉಳಿದುಬಿಟ್ಟಿತು.

ಡಿಸ್ಚಾರ್ಜ್ ಆಗಿ ತಿಂಗಳೊಳಗೆ ಮೇಡಂ ಆಫೀಸು ಹುಡುಕಿಕೊಂಡು ಹೋದೆವು. ಮೊದಲ ಮಹಡಿ, ಕೆಳಗೆ ಬೇಕರಿ. ಮೆಟ್ಟಿಲ ಮೇಲೆಲ್ಲ ಖಾರಾ ಬನ್ನಿನ ವಾಸನೆ. ಮೂರು ಪ್ಲಾಸ್ಟಿಕ್ ಕುರ್ಚಿ, ಒಂದಕ್ಕೆ ಕಾಲು ಸೊಟ್ಟ. ಮೇಡಂ ಅವರಿಗೆ ಐವತ್ತರ ಮೇಲೆ ವಯಸ್ಸು. ನಮ್ಮ ಕತೆ ಪೂರ್ತಿ ಕೇಳಿದರು, ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ಕೇಳಿದ್ದು ಒಂದೇ: 'ಮನೆ ಯಾರ ಹೆಸರಲ್ಲಿದೆ?'

ಈ ಪ್ರಶ್ನೆಗೇ ನಾನು ಅವರಿಗೆ ಒಂದು ನಕ್ಷತ್ರ ಜಾಸ್ತಿ ಕೊಡುತ್ತೇನೆ. ಅಯ್ಯೋ ಪಾಪ ಅನ್ನಲಿಲ್ಲ, ನೀವು ಎಷ್ಟು ಧೈರ್ಯವಂತರು ಅನ್ನಲಿಲ್ಲ. ಸೀದಾ ಮನೆ.

ಕಾನೂನು ಎಲ್ಲಿಗೆ ಬಂದು ನಿಂತಿದೆ ಅಂತ ಹತ್ತು ನಿಮಿಷದಲ್ಲಿ ಹೇಳಿದರು. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಕತ್ತಿ ತೆಗೆಯಿತು. ಅಂದರೆ ಜೊತೆಗೆ ಬಾಳುವುದು ಅಪರಾಧ ಅಲ್ಲ. ಆದರೆ 2023ರ ಅಕ್ಟೋಬರ್ 17ಕ್ಕೆ ಐದು ಜನ ನ್ಯಾಯಮೂರ್ತಿಗಳ ಪೀಠ ಮದುವೆ ಮೂಲಭೂತ ಹಕ್ಕಲ್ಲ ಎಂದಿತು. ಅದರಲ್ಲಿ ಐವರಿಗೂ ಒಮ್ಮತ. 1954ರ ವಿಶೇಷ ವಿವಾಹ ಕಾಯಿದೆಯನ್ನು ನಮ್ಮಂಥವರಿಗೂ ಅನ್ವಯಿಸುವಂತೆ ಓದಲು ಬರುವುದಿಲ್ಲ, ಅದು ಸಂಸತ್ತಿನ ಕೆಲಸ ಎಂದರು. ಮದುವೆ ಅಲ್ಲದಿದ್ದರೂ ಇಂಥ ಜೋಡಿಗಳಿಗೆ ಒಂದು ಮಾನ್ಯತೆ ಕೊಡಬೇಕೇ ಅನ್ನುವಲ್ಲಿ ಮಾತ್ರ ಮೂರು-ಎರಡು. ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಕೊಡಬೇಕು ಎಂದರು, ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನೆಗೆ ಹಾಕಿದ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

'ಆದ್ದರಿಂದ ಕಾನೂನಿನ ಕಣ್ಣಲ್ಲಿ ನೀವಿಬ್ಬರೂ ಪರಿಚಯದವರು' ಅಂದರು ಮೇಡಂ. 'ಪರಿಚಯದವರು ಒಬ್ಬರಿಗೊಬ್ಬರು ಏನೇನು ಬರೆದುಕೊಡಬಹುದೋ ಅಷ್ಟನ್ನೂ ಬರೆಸೋಣ.'

ಮೊದಲು ವಿಲ್. ನಾನು ವಿಲ್ ಬರೆಯದೆ ಸತ್ತರೆ ನನ್ನ ಫ್ಲ್ಯಾಟು ತೀರ್ಥಹಳ್ಳಿಯ ಅಮ್ಮನಿಗೆ ಹೋಗುತ್ತದೆ. ಮದುವೆಯಾಗದ, ಮಕ್ಕಳಿಲ್ಲದ ಹೆಂಗಸಿನ ಆಸ್ತಿಗೆ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳುವುದು ಹಾಗೆ, ಅಪ್ಪ ಅಮ್ಮನೇ ಮೊದಲು. ಅಮ್ಮ ಒಳ್ಳೆಯವರು. ಆದರೆ ಅಮ್ಮನ ಆಚೆಗೂ ಜನ ಇದ್ದಾರಲ್ಲ. ಫ್ಲ್ಯಾಟು 2017ರಲ್ಲಿ ತೆಗೆದುಕೊಂಡಿದ್ದು. ಸಾಲ ನನ್ನ ಹೆಸರಿನಲ್ಲಿ ಸಿಕ್ಕಿತು ಅಂತ ಪತ್ರವೂ ನನ್ನ ಹೆಸರಿನಲ್ಲೇ ಆಯಿತು. ಕಂತಿನ ಅರ್ಧ ಪ್ರತಿ ತಿಂಗಳು ಐದನೇ ತಾರೀಕು ನಮ್ಮನೆಯವರ ಕಾಲೇಜಿನ ಸಂಬಳದಿಂದ ಬಂದಿದೆ. ಆ ಅರ್ಧಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಕನ್ನಡದಲ್ಲೇ ಬರೆಸಿ ಅಂತ ಹಟ ಹಿಡಿದವಳು ನಾನು. ಮೊದಲ ಕರಡು ಬಂತು. 'ನನ್ನ ಆತ್ಮೀಯ ಗೆಳತಿಯಾದ' ಅಂತ ಇತ್ತು. ನಮ್ಮನೆಯವರು ಕನ್ನಡಕ ಮೇಲೆತ್ತಿ, 'ಆತ್ಮೀಯ ಗೆಳತಿ ಅಂದ್ರೆ ಮದುವೆಗೆ ಕರೆಯೋಳು, ಮನೆ ಬರೆದುಕೊಡೋಕಲ್ಲ' ಅಂದರು. 'ಬಾಳಸಂಗಾತಿ' ಹಾಕೋಣವಾ ಅಂದರು ಮೇಡಂ. ನನಗೆ ಅದು ಮ್ಯಾಟ್ರಿಮೋನಿ ಜಾಹೀರಾತಿನ ಹಾಗೆ ಕೇಳಿಸಿತು. 'ಸಹಜೀವನ ನಡೆಸುತ್ತಿರುವ' ಅಂದರೆ ಪೇಪರಿನ ಕ್ರೈಂ ಸುದ್ದಿ. 'ಜೊತೆಗಾತಿ'? ಚೆನ್ನಾಗಿದೆ, ಆದರೆ ನಾಳೆ ಕೋರ್ಟಿನಲ್ಲಿ ಯಾವುದರ ಜೊತೆ ಅಂತ ಕೇಳುತ್ತಾರೆ ಅಂದರು. ಒಂದು ಪದಕ್ಕೆ ಮುಕ್ಕಾಲು ಗಂಟೆ, ಎರಡು ಸಲ ಬೇಕರಿಯಿಂದ ಟೀ. ಕೊನೆಗೆ ಪದವೇ ಬೇಡ ಅಂತಾಯಿತು. 'ನನ್ನೊಂದಿಗೆ 2012ನೇ ಇಸವಿಯಿಂದ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಬಾಳುತ್ತಾ ನನ್ನ ಕಷ್ಟಸುಖಗಳಲ್ಲಿ ಭಾಗಿಯಾಗಿರುವ' ಅಂತ ಬರೆಸಿದರು. ಹಳೇ ವಿಭಾಗ ಪತ್ರಗಳಲ್ಲಿ ಒಲೆ ಲೆಕ್ಕಕ್ಕೆ ಬರುತ್ತದೆ ಅಂದರು. ನನಗಂತೂ ತುಂಬಾ ಹಿಡಿಸಿತು.

ವಿಲ್‌ಗೆ ಛಾಪಾ ಶುಲ್ಕ ಇಲ್ಲ. ರಿಜಿಸ್ಟರ್ ಮಾಡಿಸಲೇಬೇಕು ಅಂತಲೂ ಇಲ್ಲ. ಇಬ್ಬರು ಸಾಕ್ಷಿಗಳು ನಮ್ಮೆದುರು ಸಹಿ ಹಾಕಿದರೆ ಸಾಕು. ಆದರೂ ಮಾಡಿಸಿ, ವಿಡಿಯೋ ಕೂಡ ಇರಲಿ, ಡಾಕ್ಟರ ಸರ್ಟಿಫಿಕೇಟೂ ಇರಲಿ ಅಂದರು. ನಾಳೆ ಯಾರಾದರೂ ಬಂದು, ಬಲವಂತದಿಂದ ಬರೆಸಿಕೊಂಡರು ಅಂತ ದಾವೆ ಹಾಕಬಹುದು. ಗಂಡನಿಗೆ ವಿಲ್ ಬರೆದರೆ ಈ ಮಾತು ಬರುವುದು ಕಮ್ಮಿ. 'ಪರಿಚಯದವರಿಗೆ' ಬರೆದರೆ ಮೊದಲು ಬರುವುದೇ ಇದು. ಸಾಕ್ಷಿಗೆ ಕೆಳಗಿನ ಮನೆ ಆಂಟಿ, ಅಂಕಲ್ ಬಂದರು. ಆಂಟಿ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದರು. ಯಾಕೆ ಆಂಟಿ ಅಂದರೆ, 'ಸಹಿ ಹಾಕೋ ಕೆಲಸ ಅಲ್ವೇನಮ್ಮಾ, ಶುಭಕಾರ್ಯ' ಅಂದರು. ಮರಣಶಾಸನಕ್ಕೆ!

ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು, ಫೋಟೋ ಎಲ್ಲ ಆಯಿತು. ಕಂಪ್ಯೂಟರಿನ ಮುಂದಿದ್ದವರು ಕೇಳಿದ್ದು ಅದೇ ಪ್ರಶ್ನೆ. ಇವರು ನಿಮಗೆ ಏನಾಗಬೇಕು? ಮೇಡಂ ನನಗಿಂತ ಮೊದಲೇ 'ಬರೆದಿದೆ, ಓದಿಕೊಳ್ಳಿ ಸಾರ್' ಅಂದರು. ಅವರು ಓದಿದರು. 'ಒಂದೇ ಒಲೆ' ಅಂತ ಜೋರಾಗಿ ಓದಿ ಮುಂದಿನ ಪುಟಕ್ಕೆ ಹೋದರು.

ಇನ್ನು ಜಿಪಿಎ. ಜಿಪಿಎ ಮಾಡಿಸಿಬಿಟ್ಟರೆ ಆಸ್ಪತ್ರೆಯಲ್ಲಿ ನನ್ನ ಸಹಿ ನಡೆಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಮೇಡಂ ತಲೆ ಅಲ್ಲಾಡಿಸಿದರು. ಬರೆದುಕೊಟ್ಟವರು ತೀರಿಕೊಂಡರೆ ಜಿಪಿಎ ಸತ್ತಂತೆ. ಅಷ್ಟೇ ಅಲ್ಲ, ಬುದ್ಧಿ ಸ್ವಾಧೀನ ತಪ್ಪಿದರೂ ಅದು ರದ್ದಾದಂತೆ. ಅಂದರೆ ಯಾವ ಗಳಿಗೆಗೆ ಅಂತ ಮಾಡಿಸಿದೆವೋ ಆ ಗಳಿಗೆಯಲ್ಲೇ ಕೈಕೊಡುತ್ತದೆ. ಮನೆ ಬಾಡಿಗೆ, ಬೆಸ್ಕಾಂ ಬಿಲ್ಲು, ಬ್ಯಾಂಕಿನ ಓಡಾಟಕ್ಕೆ ಸರಿ. ಇದನ್ನು ಎಷ್ಟು ವಕೀಲರು ಮೊದಲೇ ಹೇಳುತ್ತಾರೆ ಹೇಳಿ?

ಆಸ್ಪತ್ರೆಗೆ ಬೇರೆ ಕಾಗದ. ಒಂದು, ಕೊನೆಗಾಲದ ಚಿಕಿತ್ಸೆ ಬಗ್ಗೆ ಮುಂಚೆಯೇ ಬರೆದಿಡುವ ಪತ್ರ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ್ದು, 2023ರಲ್ಲಿ ಸುಲಭ ಮಾಡಿದ್ದು. ಇಬ್ಬರು ಸಾಕ್ಷಿ, ಮೇಲೆ ನೋಟರಿ ಸಹಿ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಇನ್ನೊಂದು, 2017ರ ಮಾನಸಿಕ ಆರೋಗ್ಯ ಕಾಯಿದೆಯಡಿ ಪ್ರತಿನಿಧಿಯ ನೇಮಕ. ಇದು ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಯಾವ ವಯಸ್ಕರನ್ನು ಬೇಕಾದರೂ ನೇಮಿಸಬಹುದು, ಸಂಬಂಧ ಇರಲೇಬೇಕು ಅಂತಿಲ್ಲ. ಇಡೀ ಫೈಲಿನಲ್ಲಿ ನಾನು ನಾನಾಗಿಯೇ ನಿಂತಿರುವ ಕಾಗದ ಇದೊಂದೇ. ಆದರೆ ರಾತ್ರಿ ಒಂದು ಗಂಟೆಯ ಪಿತ್ತಕೋಶಕ್ಕೆ ಇವೆರಡೂ ಆಗುವುದಿಲ್ಲ. ಅದಕ್ಕೆ ಮೇಡಂ ಒಂದು ಅಧಿಕಾರ ಪತ್ರ ಬರೆಸಿದ್ದಾರೆ. ಆಸ್ಪತ್ರೆಯವರು ಅದನ್ನು ಒಪ್ಪಿದರೆ ಒಪ್ಪಿದರು, ಇಲ್ಲದಿದ್ದರೆ ಇಲ್ಲ. ಅವರೇ ಬಾಯಿಬಿಟ್ಟು ಹೇಳಿದರು.

ಬ್ಯಾಂಕ್ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟಿನಲ್ಲಿ ಹೇಳಿದೆ. ಅದರ ಪ್ರಿಂಟ್ ಹಿಡಿದು ಜಗಳಕ್ಕೆ ರೆಡಿಯಾಗಿ ಹೋಗಿದ್ದೆ. ಅವರು ಕೇಳಲೇ ಇಲ್ಲ. ಮೇಡಂ ನಕ್ಕರು: ಮೊದಲೂ ಅಡ್ಡಿಯಿರಲಿಲ್ಲ, ಇಬ್ಬರು ಪರಿಚಯದವರು ಖಾತೆ ತೆರೆಯಬಹುದಿತ್ತು.

ಈಗ ಲೆಕ್ಕಕ್ಕೆ ಬರೋಣ. ನನ್ನ ಹೊಟ್ಟೆಪಾಡು ಅಕೌಂಟ್ಸ್, ಹಾಗಾಗಿ ಇಲ್ಲಿ ಸ್ವಲ್ಪ ಎಳೆಯುತ್ತೇನೆ. ಫ್ಲ್ಯಾಟಿನ ಅರ್ಧ ಈಗಲೇ ನಮ್ಮನೆಯವರ ಹೆಸರಿಗೆ ದಾನಪತ್ರ ಮಾಡೋಣ ಅಂದೆ. ಗೈಡೆನ್ಸ್ ಬೆಲೆ ಅರವತ್ತು ಲಕ್ಷ, ಅರ್ಧ ಅಂದರೆ ಮೂವತ್ತು. ಗಂಡನಿಗೋ ಹೆಂಡತಿಗೋ ಕೊಟ್ಟರೆ ಕರ್ನಾಟಕದಲ್ಲಿ ಕೆಲವು ಸಾವಿರದ ನಿಗದಿತ ಶುಲ್ಕದಲ್ಲಿ ಮುಗಿಯುತ್ತದೆ. ನಾವು ಪರಿಚಯದವರು, ಆದ್ದರಿಂದ ಶೇ. 5ರ ಛಾಪಾ ಶುಲ್ಕ. ಒಂದೂವರೆ ಲಕ್ಷ. ಸೆಸ್, ನೋಂದಣಿ ಬೇರೆ. ಅಲ್ಲಿಗೆ ಮುಗಿಯಲ್ಲ. ಸಂಬಂಧಿಕರಲ್ಲದವರಿಂದ ಐವತ್ತು ಸಾವಿರ ದಾಟಿದ ಉಡುಗೊರೆ ಬಂದರೆ ಅದು ಪಡೆದವರ ಆದಾಯ. ನಮ್ಮನೆಯವರ ವರ್ಷದ ಸಂಬಳ ಒಂಬತ್ತು ಲಕ್ಷ, ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಅದಕ್ಕೆ ಈ ಮೂವತ್ತು ಸೇರಿಸಿ ನೋಡಿದೆ. ಏಳೂವರೆ ಲಕ್ಷದ ಆಸುಪಾಸು ತೆರಿಗೆ. ತಾನೇ ಕಂತು ಕಟ್ಟಿದ ಮನೆ ತನ್ನದಾಗಲು ಒಟ್ಟು ಒಂಬತ್ತು ಲಕ್ಷದ ಮೇಲೆ! ಕ್ಯಾಲ್ಕುಲೇಟರ್ ಮುಚ್ಚಿಟ್ಟು, ವಿಲ್ಲೇ ಇರಲಿ ಅಂದೆವು. ವಿಲ್ ಮೂಲಕ ಬಂದದ್ದಕ್ಕೆ ಈ ತೆರಿಗೆ ಇಲ್ಲ. ಅಂದರೆ ನಾನು ಸಾಯುವ ತನಕ ಕಾಯಬೇಕು, ಅಷ್ಟೆ.

ಪಿಎಫ್ ಅಂತೂ ಆಗಲೇ ಇಲ್ಲ. ಅಮ್ಮ ನನ್ನನ್ನು ಅವಲಂಬಿಸಿದ್ದಾರೆ. ಅವಲಂಬಿತ ತಾಯಿ ಇರುವಾಗ ಹೊರಗಿನವರನ್ನು ನಾಮಿನಿ ಮಾಡಿದರೆ ಅದು ನಿಲ್ಲುವುದಿಲ್ಲ.

ಇದನ್ನೆಲ್ಲ ಮಾಡಿಸುತ್ತಿದ್ದೀವಿ ಅಂತ ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಎಲ್ಲ ಗೊತ್ತು, ಮಾತಿಗೆ ಮಾತ್ರ ತರುವುದಿಲ್ಲ. ನಮ್ಮನೆಯವರಿಗೆ ಅಂತ ಅಪ್ಪೆಮಿಡಿ ಉಪ್ಪಿನಕಾಯಿ ಬೇರೆ ಭರಣಿಯಲ್ಲಿ ಹಾಕಿಡುತ್ತಾರೆ. 'ಕಾಗದ ಮಾಡಿಸ್ಕೊಂಡ್ರಲ್ಲ, ಇನ್ನು ಸರ್ಕಾರದ ಉಸಾಬರಿ ಯಾಕೆ?' ಅಂದರು. ಚಿಕ್ಕಪ್ಪನ ಮಗ ಅಣ್ಣ ಅಲ್ಲೇ ಕೂತಿದ್ದ. 'ಮನೆಯೊಳಗೆ ಹೆಂಗಾದ್ರೂ ಇರಿ. ಮದುವೆ ಅಂತ ಸರ್ಕಾರ ಸೀಲು ಒತ್ತಿದ್ರೆ ನಮ್ಮ ಸಂಪ್ರದಾಯ ಏನಾಗ್ಬೇಕು?' ಅಂದ. ಈ ಅಣ್ಣನದು ಬೇರೆ ಜಾತಿಯ ಹುಡುಗಿ ಜೊತೆ ರಿಜಿಸ್ಟರ್ ಮದುವೆ. ಅದೇ 1954ರ ಕಾಯಿದೆ. ಮೂವತ್ತು ದಿನ ನೋಟಿಸ್ ಬೋರ್ಡಿನಲ್ಲಿ ಹೆಸರು ತೂಗಿತ್ತು. ಚಿಕ್ಕಪ್ಪ ಆಗ ಇದೇ ಜಗಲಿಯಲ್ಲಿ ಇದೇ ಸಂಪ್ರದಾಯದ ಮಾತೆತ್ತಿ ಊಟ ಬಿಟ್ಟಿದ್ದರು. ನಾನು ಏನೂ ಹೇಳಲಿಲ್ಲ. ಅತ್ತಿಗೆ ಒಳಗಿಂದ 'ನಿಮಗೆ ಒತ್ತಿದ ಸೀಲು ಯಾರದ್ದು ಮತ್ತೆ?' ಅಂದರು. ಅಣ್ಣ ಎಲೆಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡ.

ಇನ್ನೊಂದು ಕಡೆಯ ಮಾತೂ ಇದೆ. ನಮ್ಮ ಬಳಗದಲ್ಲೇ ಒಬ್ಬ ಗೆಳತಿ, ನಮ್ಮ ಹಾಗೆಯೇ ಇರುವವಳು, ನಮಗೂ ಮದುವೆಯ ಹಕ್ಕು ಬೇಕು ಅನ್ನುವ ಬೇಡಿಕೆಯೇ ತಪ್ಪು ಅನ್ನುತ್ತಾಳೆ. ಮದುವೆ ಅನ್ನುವುದು ಹೆಣ್ಣಿಗೆ ಹಾಕಿದ ಮೂಗುದಾರ, ಅದರಿಂದ ತಪ್ಪಿಸಿಕೊಂಡು ಬಂದವರು ತಿರುಗಿ ಮೂಗು ಒಡ್ಡುವುದೇಕೆ ಅಂತ ಅವಳ ವಾದ. ಯಾರನ್ನು ಬೇಕಾದರೂ, ಗೆಳತಿಯನ್ನೋ ಸೋದರತ್ತೆಯನ್ನೋ, ಒಂದು ಅರ್ಜಿಯಲ್ಲಿ 'ಇವರೇ ನನ್ನವರು' ಅಂತ ಬರೆದುಕೊಡುವ ಹಾಗಾದರೆ ಸಾಕು ಅನ್ನುತ್ತಾಳೆ. ಇದನ್ನು ನಾನು ತಳ್ಳಿಹಾಕಲಾರೆ. ಮದರಾಸು ಹೈಕೋರ್ಟು 2025ರ ಮೇ ತಿಂಗಳಲ್ಲಿ, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದಿದ್ದು ಕೂಡ ಹತ್ತಿರ ಹತ್ತಿರ ಇದೇ ಅರ್ಥದಲ್ಲಿ. ಆದರೆ ಅಂಥ ಅರ್ಜಿಯೂ ಇವತ್ತು ಇಲ್ಲವಲ್ಲ ಮಾರಾಯ್ತಿ ಅಂದೆ. ಇರುವ ಬಾಗಿಲು ಒಂದೇ, ಅದಕ್ಕೂ ಚಿಲಕ. ಟ್ರಾನ್ಸ್‌ಜೆಂಡರ್ ಹಕ್ಕುಗಳ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅವರ ಮದುವೆ 2018ರಲ್ಲಿ ಇದೇ ಬೆಂಗಳೂರಿನಲ್ಲಿ ನೋಂದಣಿಯಾಯಿತು. ತಮ್ಮದು ಆದ ಮೇಲೂ ಅವರು ನಮ್ಮಂಥವರ ಪರವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದವರಲ್ಲಿ ಒಬ್ಬರು. ಬಾಗಿಲ ಬೆಲೆ ಒಳಗೆ ಹೋದವರಿಗೂ ಗೊತ್ತಿರುತ್ತದೆ.

2023ರ ವಾದದಲ್ಲಿ ಕೇಂದ್ರದ ಪರ ವಕೀಲರು, ನಮ್ಮಂಥವರ ಮದುವೆ ಒಪ್ಪಿದರೆ ಸುಮಾರು 160 ಕಾನೂನು ನಿಯಮಗಳಿಗೆ ತೊಡಕಾಗುತ್ತದೆ ಎಂದಿದ್ದರು. ಅದನ್ನು ಓದಿದಾಗ ನನಗೆ ಬೇಜಾರಾಗಲಿಲ್ಲ, ಲೆಕ್ಕ ಸಿಕ್ಕಿತು. ಮದುವೆಯ ಒಂದು ಸಹಿ ಅಷ್ಟೊಂದು ಕಡೆ ಕೆಲಸ ಮಾಡುತ್ತದೆ ಅಂತ ಅವರೇ ಹೇಳಿದ ಹಾಗಾಯಿತಲ್ಲ. ನಮ್ಮ ನೀಲಿ ಫೈಲು ಮುಟ್ಟಿರುವುದು ಹೆಚ್ಚೆಂದರೆ ಹತ್ತು ಕಡೆ. ಉಳಿದ ನೂರೈವತ್ತನ್ನು ಯಾವ ವಕೀಲರು ಎಷ್ಟು ದುಡ್ಡಿಗೂ ಮಾಡಿಕೊಡಲಾರರು. ಪ್ರೀತಿಗೆ ಮಾನ್ಯತೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಅದು ನಮ್ಮ ಮನೆಯೊಳಗಿನ ವಿಚಾರ, ಸಾಕಷ್ಟಿದೆ. ಫಾರಂನಲ್ಲಿ ಒಂದು ಜಾಗ ಕೊಡಿ ಅಂತಷ್ಟೇ. ಸರ್ಕಾರ ಬಿಟ್ಟರೆ ಬೇರೆ ಯಾರಿಂದಲೂ ಅದು ಆಗದು.

ಮೇಡಂ ಸೇವೆಯ ಬಗ್ಗೆ ದೂರು ಇಲ್ಲವೇ ಅಂದರೆ, ಇದೆ. ನಾಲ್ಕು ವಾರ ಅಂದಿದ್ದು ಒಂಬತ್ತಾಯಿತು. ಫೋನ್ ಎತ್ತುವುದಿಲ್ಲ, ವಾಟ್ಸಾಪಿಗೆ ರಾತ್ರಿ ಹನ್ನೊಂದಕ್ಕೆ ಉತ್ತರ. ಇ-ಸ್ಟ್ಯಾಂಪ್, ನೋಟರಿ ಖರ್ಚು ಸೇರಿ 30,000 ಅಂದಿದ್ದರು, ಕೊನೆಗೆ ಏರಿತು. ಏರಿದ್ದಕ್ಕೆ ರಸೀದಿ ಕೊಟ್ಟರು, ಅದು ನಿಜ. ಗಾಡಿ ನಿಲ್ಲಿಸಲು ಜಾಗವಿಲ್ಲ, ಶನಿವಾರವಂತೂ ಹೋಗಲೇಬೇಡಿ. ಹೋಗುವವರು ಮನೆಪತ್ರ, ಪಾಲಿಸಿಗಳು, ಇಬ್ಬರ ಆಧಾರ್, ಪ್ಯಾನ್ ಮೊದಲ ದಿನವೇ ಹಿಡಿದುಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ. ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಾದರೆ ಒಳ್ಳೆಯದು. ಇದು ನಮಗೆ ಆಮೇಲೆ ಹೊಳೆಯಿತು, ಆಂಟಿಗೆ ಹೇಳಿಲ್ಲ.

ದೊಡ್ಡ ತಪ್ಪು ಒಂದೇ. ನನ್ನ ವಿಲ್‌ನ ಎರಡನೇ ಕರಡಿನ ಮೂರನೇ ಪುಟದಲ್ಲಿ, ಯಾರದೋ ಹಳೇ ವಿಲ್ ನೋಡಿ ಟೈಪ್ ಮಾಡಿದ್ದರಿಂದ, 'ಸದರಿ ನನ್ನ ಪತಿಯವರು ಯಾವ ತಂಟೆ ತಕರಾರಿಲ್ಲದೆ ಅನುಭವಿಸಿಕೊಂಡು ಬರತಕ್ಕದ್ದು' ಅಂತ ಉಳಿದುಬಿಟ್ಟಿತ್ತು. ಮೊದಲು ಕಂಡಿದ್ದು ನಮ್ಮನೆಯವರಿಗೆ. ಹೊಟ್ಟೆಯ ಹೊಲಿಗೆ ಇನ್ನೂ ಹಸಿ, ಕೈಯಲ್ಲಿ ಒತ್ತಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮೇಡಂ ಮುಖ ಕೆಂಪಾಯಿತು. ಕೆಂಪು ಶಾಯಿಯಲ್ಲಿ ಗೀಟು ಎಳೆದು, ಬೇರೆ ಪ್ರಿಂಟ್ ತೆಗೆಸಿ, ಇದನ್ನು ಹರಿದುಹಾಕಿಬಿಡಿ ಅಂತ ಗುಮಾಸ್ತನಿಗೆ ಕೊಡಲು ಹೋದರು.

'ಇಲ್ಲಿ ಕೊಡಿ ಮೇಡಂ' ಅಂತ ನಮ್ಮನೆಯವರು ಆ ಪುಟ ಇಸಕೊಂಡು, ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು.